ನಮ್ಮ ಕ್ರಾಸ್‌ನ ಪಿಜ್ಜಾ, ಮೇನ್ ರೋಡಿನ ಬಿಯರ್

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆ. ಒಂದು ಕಡೆ ಟೈಲರ್ ಅಂಗಡಿ, ಇನ್ನೊಂದು ಕಡೆ ನಂದಿನಿ ಬೂತ್, ನಡುವೆ ಹತ್ತು ಅಡಿ ಅಗಲದ ಮಳಿಗೆ. ಒಳಗೆ ನಾಲ್ಕು ಟೇಬಲ್, ಹಿಂದೆ ಒಂದು ಓವನ್. ಮಾಲೀಕರು ಕುಂದಾಪುರ ಕಡೆಯವರು. ಸ್ಟಾರ್ ಹೋಟೆಲ್ ಕಿಚನ್‌ನಲ್ಲಿ ಹನ್ನೆರಡು ವರ್ಷ ದುಡಿದು, ಪಿಎಫ್ ದುಡ್ಡು ಹಾಕಿ ಈ ಪಿಜ್ಜಾ ಅಂಗಡಿ ಶುರು ಮಾಡಿದ್ದಾರೆ. ಹಿಟ್ಟು ಕಲಸಿ ಎರಡು ದಿನ ಫ್ರಿಜ್‌ನಲ್ಲಿಟ್ಟು ಹುಳಿ ಬರಿಸುತ್ತಾರೆ. ಸಾಸ್‌ಗೆ ಸಕ್ಕರೆ ಹಾಕುವುದಿಲ್ಲ. ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ ಆ ಪಿಜ್ಜಾ ತಿನ್ನಲು ನಾನು ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ.

ಹೋದಾಗಲೆಲ್ಲ ಪಕ್ಕದ ಟೇಬಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿಸುತ್ತದೆ: "ಬಿಯರ್ ಇಲ್ವಾ?"

"ದಿನಕ್ಕೆ ಹತ್ತು ಜನ ಕೇಳ್ತಾರೆ ಸರ್," ಅಂತ ಮಾಲೀಕರು ನಗುತ್ತಾರೆ. "ಪೆಪ್ಸಿ ಕೊಟ್ಟು ಕಳಿಸ್ತೇನೆ."

ಅಲ್ಲಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಮೇನ್ ರೋಡಿನ ಕಟ್ಟಡದ ಮೇಲಿನ ಮೂರು ಮಹಡಿಯಲ್ಲಿ ಒಂದು ಮೈಕ್ರೋಬ್ರೂವರಿ ಇದೆ. ಗಾಜಿನ ಹಿಂದೆ ಫಳಫಳ ಹೊಳೆಯುವ ಸ್ಟೀಲ್ ಟ್ಯಾಂಕುಗಳು, ಶನಿವಾರ ಡಿಜೆ, ವ್ಯಾಲೆ ಪಾರ್ಕಿಂಗ್. ಬಿಯರ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಅಲ್ಲಿನ ಪಿಜ್ಜಾ ಮಾತ್ರ ರಟ್ಟು. ಒಳ್ಳೆ ಪಿಜ್ಜಾ ಇರುವಲ್ಲಿ ಬಿಯರ್ ಇಲ್ಲ, ಒಳ್ಳೆ ಬಿಯರ್ ಇರುವಲ್ಲಿ ಪಿಜ್ಜಾ ಸರಿ ಇಲ್ಲ. ದೇಶದ ಕ್ರಾಫ್ಟ್ ಬಿಯರ್ ರಾಜಧಾನಿ ಅಂತ ಕರೆಸಿಕೊಳ್ಳುವ ಊರಲ್ಲಿ ಇದು ಯಾಕೆ ಹೀಗೆ? ತಿಂಡಿಪೋತನ ಒಬ್ಬನ ಪುಕಾರು ಅಂತ ತಳ್ಳಿಹಾಕಬೇಡಿ. ಇದರ ಉತ್ತರ ಹುಡುಕುತ್ತಾ ಹೋದರೆ ವಿಧಾನಸೌಧದ ತನಕ ಹೋಗಬೇಕಾಗುತ್ತದೆ.

ಮೊದಲು ಸ್ವಲ್ಪ ವಿಜ್ಞಾನ, ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ತಪ್ಪಿಗೆ. ಪಿಜ್ಜಾ ಹಿಟ್ಟನ್ನು ಉಬ್ಬಿಸುವ ಈಸ್ಟ್ ಮತ್ತು ಏಲ್ ಬಿಯರ್ ಹುದುಗಿಸುವ ಈಸ್ಟ್ ಒಂದೇ ಜಾತಿಯದು, ಸ್ಯಾಕರೊಮೈಸಿಸ್ ಸೆರೆವಿಸಿಯೆ. ಅಲ್ಲಿ ಗೋಧಿ, ಇಲ್ಲಿ ಬಾರ್ಲಿ. ಎರಡಕ್ಕೂ ಬೇಕಾಗಿರುವುದು ತಾಳ್ಮೆ ಮತ್ತು ತಾಪಮಾನದ ಮೇಲೆ ಹಿಡಿತ. ನೇಪಲ್ಸ್‌ನ ಸಾಂಪ್ರದಾಯಿಕ ಪಿಜ್ಜಾ 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ನಿಮಿಷದೊಳಗೆ ಬೆಂದುಹೋಗುತ್ತದೆ. ಅಷ್ಟು ಶಾಖ ಹಿಡಿದಿಡಲು ದಪ್ಪ ಕಲ್ಲಿನ ಹಾಸು ಬೇಕು. ಆ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನೊಂದು ತಮಾಷೆ ನೋಡಿ: ಇಟಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುವ 'ಮೊಝರೆಲ್ಲಾ ದಿ ಬುಫಾಲಾ' ಎಮ್ಮೆ ಹಾಲಿನ ಚೀಸ್. ಎಮ್ಮೆ ಹಾಲಿನಲ್ಲಿ ಜಗತ್ತಿಗೇ ನಂಬರ್ ಒನ್ ನಾವು. ಹಾಗಾಗಿ 'ಪಿಜ್ಜಾ ನಮ್ಮದಲ್ಲ' ಅನ್ನುವ ವಾದ ನನಗೆ ಅಷ್ಟಾಗಿ ನಾಟುವುದಿಲ್ಲ.

ಆದರೆ ಆ ವಾದ ಈ ಊರಲ್ಲಿ ಒಂದು ಕಾಲಕ್ಕೆ ಬೀದಿಗಿಳಿದಿತ್ತು. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿದ್ದರು. ಅದೇ ವರ್ಷ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಮಳಿಗೆಯನ್ನು ಇದೇ ಬೆಂಗಳೂರಲ್ಲಿ ತೆರೆಯಿತು. ಡಾಮಿನೋಸ್ ಕೂಡ ಅದೇ ವರ್ಷ ದೆಹಲಿಯಲ್ಲಿ ಕಾಲಿಟ್ಟಿತು. ಗಾಜು ಒಡೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಊಟ-ತಿಂಡಿಯ ಸರಪಳಿ ಯಾರ ಕೈಯಲ್ಲಿರಬೇಕು ಅಂತ ನಂಜುಂಡಸ್ವಾಮಿ ಎತ್ತಿದ ಪ್ರಶ್ನೆ ಮೂವತ್ತು ವರ್ಷದ ಮೇಲೆ ಕುಂದಾಪುರದ ಈ ಮನುಷ್ಯನ ಲೆಕ್ಕದ ಪುಸ್ತಕದಲ್ಲಿ ಕೂತಿದೆ.

ಲೆಕ್ಕ ನೋಡೋಣ. 400 ರೂಪಾಯಿಯ ಪಿಜ್ಜಾ ಆ್ಯಪ್ ಮೂಲಕ ಹೋಯಿತು ಅಂದುಕೊಳ್ಳಿ. ಕಮಿಷನ್ ಶೇ 25 ಅಂತಿಟ್ಟುಕೊಂಡರೆ 100 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಅಂದರೆ 18 ರೂಪಾಯಿ. ಉಳಿದದ್ದು 282. ಶೇ 5ರ ಜಿಎಸ್‌ಟಿಯಲ್ಲಿರುವ ರೆಸ್ಟೊರೆಂಟ್‌ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಆ 18 ರೂಪಾಯಿ ವಾಪಸ್ ಬರುವ ಮಾತೇ ಇಲ್ಲ. ಆ 282ರಲ್ಲಿ ಚೀಸ್, ಮೈದಾ, ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟ್ ಬಿಲ್ ಎಲ್ಲ ಆಗಬೇಕು. ಮೇಲೆ 'ಬೈ ಒನ್ ಗೆಟ್ ಒನ್' ಹಾಕದಿದ್ದರೆ ಲಿಸ್ಟ್‌ನಲ್ಲಿ ಕೆಳಕ್ಕೆ ಇಳಿಯುವ ಭಯ. 2025ರ ಸೆಪ್ಟೆಂಬರ್‌ನಲ್ಲಿ ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ಇವರ ಮುಖದಲ್ಲಿ ನಗು ಕಂಡಿದ್ದೆ. ಕ್ರೆಡಿಟ್ ಸಿಗದವರಿಗೆ ಅಂಥ ಇಳಿಕೆಯೊಂದೇ ನಿಜವಾದ ಲಾಭ.

ಆ್ಯಪ್‌ಗಳ ಬಗ್ಗೆ ರೆಸ್ಟೊರೆಂಟ್ ಮಾಲೀಕರ ರಾಷ್ಟ್ರೀಯ ಸಂಘ ಎನ್‌ಆರ್‌ಎಐ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತ್ತು. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮ್ಯಾಟೊ ಮತ್ತು ಸ್ವಿಗ್ಗಿ ವಿರುದ್ಧ ತನಿಖೆಗೆ ಆದೇಶಿಸಿತು. ಕೆಲವು ರೆಸ್ಟೊರೆಂಟ್‌ಗಳೊಂದಿಗಿನ ವಿಶೇಷ ಒಪ್ಪಂದಗಳು ಸ್ಪರ್ಧಾ ಕಾನೂನಿಗೆ ವಿರುದ್ಧ ಅಂತ ತನಿಖೆಯಲ್ಲಿ ಕಂಡುಬಂದಿದೆ ಎಂದು 2024ರ ನವೆಂಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ದೂರು ಕೊಟ್ಟು ಇಷ್ಟು ವರ್ಷ. ಹತ್ತು ಅಡಿಯ ಅಂಗಡಿ ಅಷ್ಟು ದಿನ ಉಸಿರು ಹಿಡಿದು ಕೂರಲು ಆಗುತ್ತದಾ?

ಇಲ್ಲೇ ಬಿಯರ್ ಮಾತು ಮುಖ್ಯವಾಗುವುದು. ಜಗತ್ತಿನ ಎಲ್ಲಾ ಕಡೆ ಸಣ್ಣ ರೆಸ್ಟೊರೆಂಟ್ ಬದುಕುವುದು ಟೇಬಲ್‌ಗೆ ಬಂದು ಕೂರುವ ಗಿರಾಕಿಯಿಂದ, ಅವರು ಕುಡಿಯುವ ಪಾನೀಯದ ಲಾಭದಿಂದ. ಊಟದಲ್ಲಿ ಉಳಿಯುವುದು ಕಡಿಮೆ, ಲೋಟದಲ್ಲಿ ಉಳಿಯುವುದು ಜಾಸ್ತಿ. ಟೇಬಲ್‌ನಲ್ಲಿ ಒಂದು ಗಂಟೆ ಕೂತು ಒಂದು ಪಿಜ್ಜಾ, ಎರಡು ಲೋಟ ಬಿಯರ್ ಮುಗಿಸುವ ಗಿರಾಕಿ ಸಿಕ್ಕರೆ ಆ್ಯಪ್‌ನ ಮರ್ಜಿ ಕಾಯಬೇಕಿಲ್ಲ. ನಮ್ಮಲ್ಲಿ ಆ ದಾರಿಗೆ ಗೇಟ್ ಹಾಕಿದೆ.

ಗೇಟ್ ಹಾಕಿದ್ದು ಇವತ್ತಲ್ಲ. ಬಾರ್ ಆ್ಯಂಡ್ ರೆಸ್ಟೊರೆಂಟ್‌ಗೆ ಕೊಡುವ ಸಿಎಲ್-9, ವೈನ್ ಸ್ಟೋರ್‌ಗೆ ಕೊಡುವ ಸಿಎಲ್-2 ಲೈಸೆನ್ಸ್‌ಗಳನ್ನು ಕರ್ನಾಟಕ ಸರ್ಕಾರ 1992ರಲ್ಲೇ ಹೊಸದಾಗಿ ಕೊಡುವುದನ್ನು ನಿಲ್ಲಿಸಿತು. ಆಗ ಬೆಂಗಳೂರಿನ ಜನಸಂಖ್ಯೆ ಅರ್ಧ ಕೋಟಿಯೂ ಇರಲಿಲ್ಲ. ಊರು ಎರಡು ಮೂರು ಪಟ್ಟು ಬೆಳೆಯಿತು, ಲೈಸೆನ್ಸ್ ಬೆಳೆಯಲಿಲ್ಲ. ಆಗಿದ್ದೇನು? ಹಳೇ ಲೈಸೆನ್ಸ್‌ಗಳೇ ಸೈಟ್ ಥರ ಕೈಯಿಂದ ಕೈಗೆ ಮಾರಾಟವಾಗತೊಡಗಿದವು. ಒಂದೊಂದರ ಬೆಲೆ ಕೋಟಿಗಳಲ್ಲಿ. ಬಳಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಇ-ಹರಾಜು ಹಾಕಲು 2025ರಲ್ಲಿ ಸರ್ಕಾರ ಹೊರಟಿತು. ಬೊಕ್ಕಸಕ್ಕೆ ಒಳ್ಳೆಯದೇ. ಆದರೆ ಹರಾಜು ಅಂದಮೇಲೆ ಜಾಸ್ತಿ ಕೂಗಿದವನಿಗೇ ಸಿಗುವುದು. ನಾಲ್ಕು ಟೇಬಲ್‌ನವನು ಅಲ್ಲಿ ಕೈ ಎತ್ತಲಾರ.

ಬಿಯರ್ ಮಾತ್ರ ಮಾರಲು ಬೇರೆ ಲೈಸೆನ್ಸ್ ಇದೆಯಲ್ಲ ಅಂತ ಅಬಕಾರಿ ಬಲ್ಲವರು ಕೇಳಬಹುದು. ಇದೆ. ಅದರಲ್ಲಿ ಸಾಮಾನ್ಯವಾಗಿ ಲೋಟಕ್ಕೆ ಬೀಳುವುದು ದೊಡ್ಡ ಕಂಪನಿಗಳ ಬಿಯರ್. ಮೈಕ್ರೋಬ್ರೂವರಿಯ ಕಥೆ ಬೇರೆ. ಕರ್ನಾಟಕದ ನಿಯಮದ ಪ್ರಕಾರ ಅಲ್ಲಿ ತಯಾರಾದ ಬಿಯರ್ ಅಲ್ಲೇ ಕುಡಿದು ಮುಗಿಯಬೇಕು. ಒಂದೂವರೆ ಕಿಲೋಮೀಟರ್ ದೂರದ ಪಿಜ್ಜಾ ಅಂಗಡಿಗೆ ಒಂದು ಕೆಗ್ ಕಳಿಸುವ ಹಾಗಿಲ್ಲ. ಪೂರ್ಣ ಪ್ರಮಾಣದ ಬ್ರೂವರಿ ಲೈಸೆನ್ಸ್ ಪಡೆದು ಪಬ್‌ಗಳಿಗೆ ಕೆಗ್ ಕಳಿಸುವ ಒಂದೆರಡು ಕ್ರಾಫ್ಟ್ ಹೆಸರುಗಳಿವೆ, ಆದರೆ ಅದಕ್ಕೆ ಬೇಕಾದ ಬಂಡವಾಳ ಬೇರೆಯದೇ ಲೆವೆಲ್ಲಿನದು. 2020ರ ಲಾಕ್‌ಡೌನ್‌ನಲ್ಲಿ ಇದರ ಹುಚ್ಚುತನ ಬಯಲಾಯಿತು. ಟ್ಯಾಂಕುಗಳಲ್ಲಿ ಸಾವಿರಾರು ಲೀಟರ್ ತಾಜಾ ಬಿಯರ್, ಬಂದು ಕುಡಿಯುವವರಿಲ್ಲ, ಹೊರಗೆ ಮಾರುವಂತಿಲ್ಲ. ಮೋರಿಗೆ ಸುರಿದವರಿದ್ದಾರೆ. ಕೊನೆಗೆ ಪಾರ್ಸೆಲ್‌ಗೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಆಗ ಆಕಾಶವೇನೂ ಕಳಚಿ ಬೀಳಲಿಲ್ಲ.

ಇದರ ಫಲವಾಗಿ ನಮ್ಮೂರಲ್ಲಿ 'ಕ್ರಾಫ್ಟ್' ಅನ್ನುವ ಪದದ ಅರ್ಥವೇ ತಿರುಗಿಬಿಟ್ಟಿದೆ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ಮಾಡುವುದು ಸಕ್ರಮವಾಯಿತು. ಗ್ಯಾರೇಜಿನಲ್ಲಿ ಪಾತ್ರೆ ಇಟ್ಟುಕೊಂಡು ಕಲಿತವರು ಮುಂದೆ ಸಣ್ಣ ಬ್ರೂವರಿ ತೆರೆದರು. ಅಲ್ಲಿ ಕ್ರಾಫ್ಟ್ ಅಂದರೆ ಕೆಳಗಿನಿಂದ ಬಂದದ್ದು. ಇಲ್ಲಿ ಜಾಗ, ಯಂತ್ರ, ಲೈಸೆನ್ಸ್ ಸೇರಿ ಆರಂಭವೇ ಕೋಟಿಗಳಲ್ಲಿ. ಅಷ್ಟು ಸುರಿದವನು ಅದನ್ನು ವಾಪಸ್ ತೆಗೆಯಲು ನೂರಾರು ಸೀಟು ಹಾಕಲೇಬೇಕು, ಡಿಜೆ ಕರೆಸಲೇಬೇಕು. ಇಂದಿರಾನಗರದ ನಿವಾಸಿಗಳು ಪಬ್‌ಗಳ ಗದ್ದಲದ ವಿರುದ್ಧ ಹೈಕೋರ್ಟ್ ಮೆಟ್ಟಿಲೇರಿದ್ದರಲ್ಲ, ಆ ಗದ್ದಲಕ್ಕೆ ಒಂದು ಕಾರಣ ಈ ಹೂಡಿಕೆಯ ಗಾತ್ರ. ನಾಲ್ಕು ಟೇಬಲ್‌ನ ಜಾಗದಲ್ಲಿ ಯಾರೂ ಸಬ್‌ವೂಫರ್ ಇಡುವುದಿಲ್ಲ.

ಹಾಗಂತ ನಮ್ಮ ಮೈಕ್ರೋಬ್ರೂವರಿಗಳು ಮಾಡಿದ ಕೆಲಸ ಸಣ್ಣದಲ್ಲ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆದಾಗ ನಾನು ಫೈನಲ್ ಇಯರ್‌ನ ಹತ್ತಿರ ಇದ್ದೆ. ಬಿಯರ್ ಅಂದರೆ ಹಸಿರು ಬಾಟಲಿ, ಕಂದು ಬಾಟಲಿ, 'ಸ್ಟ್ರಾಂಗಾ ಮೈಲ್ಡಾ' ಅನ್ನುವ ಒಂದೇ ಪ್ರಶ್ನೆ ಇದ್ದ ಕಾಲ. ಗೋಧಿ ಬಿಯರ್‌ಗೆ ಬಾಳೆಹಣ್ಣಿನ ವಾಸನೆ ಬರುತ್ತದೆ, ಸ್ಟೌಟ್‌ಗೆ ಕಾಫಿಯ ಕಹಿ ಇರುತ್ತದೆ ಅಂತ ಗೊತ್ತಾದದ್ದೇ ಅಲ್ಲಿ. ಬಾಸುಮತಿ ಅಕ್ಕಿ ಹಾಕಿ ಬಿಯರ್ ಮಾಡಿ ಕುಡಿಸಿದರು. ನನ್ನ ತಲೆಮಾರಿನ ನಾಲಿಗೆ ಬದಲಾಯಿತು.

ದೊಡ್ಡ ಕಂಪನಿಗಳ ಕೈಗೆ ಮಾರುಕಟ್ಟೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ದಾಖಲೆ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಸ್ಪರ್ಧಾ ಆಯೋಗ ಬಿಯರ್ ಕಂಪನಿಗಳು ಒಳಗೊಳಗೆ ಮಾತಾಡಿಕೊಂಡು ಬೆಲೆ ನಿಗದಿ ಮಾಡುತ್ತಿದ್ದವು ಅಂತ ತೀರ್ಪು ಕೊಟ್ಟು ಒಟ್ಟು 873 ಕೋಟಿ ರೂಪಾಯಿ ದಂಡ ಹಾಕಿತು. ಯುನೈಟೆಡ್ ಬ್ರೂವರೀಸ್ ಪಾಲಿಗೆ ಬಂದದ್ದು ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ. ವಿಷಯ ಬಾಯಿಬಿಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ರಿಯಾಯಿತಿ. ಕಂಪನಿಗಳು ಮೇಲ್ಮನವಿ ಹೋದವು.

ಅಬಕಾರಿಯ ಜಟಿಲತೆ ನಡುಗಾತ್ರದವರನ್ನೂ ಬಿಡುವುದಿಲ್ಲ. ಬೀರಾ 91ರ ಕಂಪನಿ ತನ್ನ ಹೆಸರಿನಿಂದ 'ಪ್ರೈವೇಟ್' ಅನ್ನುವ ಒಂದು ಪದ ತೆಗೆಯಿತು. ಅಷ್ಟಕ್ಕೇ ರಾಜ್ಯ ರಾಜ್ಯದಲ್ಲೂ ಲೇಬಲ್ ಹೊಸದಾಗಿ ನೋಂದಾಯಿಸಬೇಕಾಗಿ ಬಂದು ತಿಂಗಳುಗಟ್ಟಲೆ ಮಾರಾಟ ನಿಂತುಹೋಯಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ಅದು ಒದ್ದಾಡಿದ್ದನ್ನು ಎಲ್ಲರೂ ನೋಡಿದ್ದಾರೆ.

ಸರ್ಕಾರ ಇದನ್ನು ಹೇಗೆ ನೋಡುತ್ತದೆ? 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕ ಶೇ 175ರಿಂದ 185ಕ್ಕೆ ಏರಿತು, ಆಮೇಲೂ ಏರಿತು. ಟಾರ್ಗೆಟ್ ಮುಟ್ಟಬೇಕಾದ ಇಲಾಖೆಗೆ ಹೆಚ್ಚು ವಾಲ್ಯೂಮ್ ಕೊಡುವ ವಿಸ್ಕಿ, ಸ್ಟ್ರಾಂಗ್ ಬಿಯರ್ ಮುಖ್ಯ. ಒಂದು ಕೆಗ್ ಹಿಡಿದುಕೊಂಡ ಪಿಜ್ಜಾ ಅಂಗಡಿ ಅವರ ಪಾಲಿಗೆ ಇನ್‌ಸ್ಪೆಕ್ಟರ್ ಕಳಿಸಬೇಕಾದ ಇನ್ನೊಂದು ಅಡ್ರೆಸ್, ಅಷ್ಟೇ.

ಈ ವಾದಕ್ಕೆ ಇರುವ ಗಟ್ಟಿ ಆಕ್ಷೇಪವನ್ನು ನಾನು ಮುಚ್ಚಿಡುವುದಿಲ್ಲ. ಹೋದ ವಾರ ನನ್ನ ಅಮ್ಮನಿಗೆ ಈ ಲೇಖನದ ವಿಷಯ ಹೇಳಿದೆ. "ಮನೆ ಪಕ್ಕದಲ್ಲೂ ಕುಡಿಯೋ ಜಾಗ ಮಾಡಿಸ್ತೀಯಾ?" ಅಂದರು. ಅವರ ತವರಿನ ಹಳ್ಳಿಯಲ್ಲಿ ಕಿರಾಣಿ ಅಂಗಡಿಯಲ್ಲೂ ಕದ್ದು ಮದ್ಯ ಮಾರುತ್ತಾರೆ, ಅದರ ವಿರುದ್ಧ ಹೆಂಗಸರು ಬೀದಿಗಿಳಿದಿದ್ದಾರೆ. ಆ ಸಿಟ್ಟಿನ ಮುಂದೆ ನನ್ನ ಪಿಜ್ಜಾ ಚಿಂತೆ ಸಣ್ಣದು, ಒಪ್ಪುತ್ತೇನೆ. ಆದರೆ 1992ರಿಂದ ಲೈಸೆನ್ಸ್ ನಿಲ್ಲಿಸಿದ್ದರಿಂದ ಕುಡಿತ ಕಡಿಮೆಯಾಗಿದೆಯಾ? ಅಬಕಾರಿ ಆದಾಯವೇ ಉತ್ತರ ಹೇಳುತ್ತದೆ. ಕಡಿಮೆಯಾದದ್ದು ಕೂತು ಊಟದ ಜೊತೆ ನಿಧಾನಕ್ಕೆ ಕುಡಿಯುವ ಜಾಗಗಳು. ವೈನ್ ಸ್ಟೋರ್ ಮುಂದೆ ನಿಂತು ಕ್ವಾರ್ಟರ್ ಎತ್ತುವವರ ಸಾಲು ಎಲ್ಲಿ ಕಡಿಮೆಯಾಗಿದೆ? ಶೇ 5 ಆಲ್ಕೋಹಾಲ್‌ನ ಒಂದು ಲೋಟಕ್ಕೂ ಶೇ 42.8ರ ಬಾಟಲಿಗೂ ಒಂದೇ ಬಾಗಿಲು ಇಟ್ಟಿರುವುದು ಆರೋಗ್ಯ ನೀತಿಯಂತೂ ಅಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮೂವತ್ತು ಸೀಟಿನ ಒಳಗಿನ, ಊಟ ಕೊಡುವ ಜಾಗಗಳಿಗೆ ಕಡಿಮೆ ಶುಲ್ಕದ ಬಿಯರ್ ಲೈಸೆನ್ಸ್. ರಾತ್ರಿ ಹತ್ತೂವರೆಗೆ ಬಂದ್, ಸ್ಪೀಕರ್ ಇಲ್ಲ, ಶಾಲೆ-ದೇವಸ್ಥಾನದ ದೂರದ ನಿಯಮ ಈಗಿನಂತೆಯೇ. ಅದೇ ನಗರದ ಮೈಕ್ರೋಬ್ರೂವರಿಯಿಂದ ಸೀಲ್ ಮಾಡಿದ, ಕ್ಯೂಆರ್ ಕೋಡ್ ಇರುವ ಕೆಗ್ ತರಿಸಿಕೊಳ್ಳಲು ಅನುಮತಿ. ಲೀಟರ್ ಲೆಕ್ಕದಲ್ಲಿ ಸುಂಕ ಬ್ರೂವರಿಯಲ್ಲೇ ವಸೂಲಾಗಲಿ. ಅಲ್ಲಿ ಫ್ಲೋ ಮೀಟರ್ ಇಟ್ಟು ಅಳೆಯುವುದು ಎಂಜಿನಿಯರಿಂಗ್‌ನಲ್ಲಿ ಎರಡನೇ ವರ್ಷದ ಲ್ಯಾಬ್ ಪ್ರಯೋಗ, ರಾಕೆಟ್ ಬಿಡುವ ಊರಿಗೆ ಕಷ್ಟವಾಗಬಾರದು.

ಈ ಲೇಖನಕ್ಕೆ ಅಂತ ಮೊನ್ನೆ ಗುರುವಾರ ಮತ್ತೆ ಹೋಗಿದ್ದೆ. ನಾಲ್ಕರಲ್ಲಿ ಮೂರು ಟೇಬಲ್ ಖಾಲಿ. ಬಾಗಿಲಲ್ಲಿ ಡೆಲಿವರಿ ಹುಡುಗರು ಐದು ಜನ ನಿಂತಿದ್ದರು. ಮಾಲೀಕರು ರಟ್ಟಿನ ಡಬ್ಬಿ ಮಡಚುತ್ತಾ, "ಮುಂದಿನ ತಿಂಗಳು ಎರಡು ಟೇಬಲ್ ತೆಗೀತೇನೆ ಸರ್, ಪ್ಯಾಕಿಂಗ್‌ಗೆ ಜಾಗ ಸಾಲ್ತಾ ಇಲ್ಲ" ಅಂದರು. ನಾನು ಮಾರ್ಗರೀಟಾ ಹೇಳಿ, ಉಳಿದಿರುವ ಟೇಬಲ್‌ಗಳಲ್ಲಿ ಒಂದರಲ್ಲಿ ಕೂತೆ. ಪೆಪ್ಸಿ ಬಂತು.