ಅಕ್ಷರ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಪಕ್ಕದ ಮನೆಯ ಮಗುವಿಗೆ ಇನ್ನೂ ನಾಲ್ಕು ತುಂಬಿಲ್ಲ. ಒಂದು ಸಂಜೆ ಅವರ ಮನೆಗೆ ಹೋದಾಗ ಅದು ನೆಲದ ಮೇಲೆ ಬೋರಲಾಗಿ ಮಲಗಿ ಕಾಪಿ ಪುಸ್ತಕದಲ್ಲಿ ‘ಋ’ ತಿದ್ದುತ್ತಿತ್ತು. ನಾಲ್ಕು ಸಾಲು ಬರೆಯಬೇಕಂತೆ, ಎರಡು ಮುಗಿದಿತ್ತು. ಪೆನ್ಸಿಲ್ ಅದುಮಿ ಹಿಡಿದು ಬೆರಳ ತುದಿ ಬಿಳಿಚಿಕೊಂಡಿತ್ತು. ‘ಇದೇನು ಪುಟ್ಟಿ?’ ಅಂದೆ. ‘ರು’ ಅಂದಿತು. ‘ಅದರಿಂದ ಶುರುವಾಗೋದು ಏನೇನಿದೆ?’ ಎಂದರೆ ಉತ್ತರವಿಲ್ಲ. ಇರುವುದಾದರೂ ಹೇಗೆ? ಋಷಿ, ಋತು, ಋಣ ಯಾವುದೂ ಅದರ ಲೋಕದಲ್ಲಿಲ್ಲ. ಕಾಪಿ ಮುಚ್ಚಿದ ಮೇಲೆ ಅದೇ ಮಗು ಅಜ್ಜಿಯ ತೊಡೆಯೇರಿ, ಕೊನೆಯ ಅಕ್ಷರ ಹಿಡಿದು ಮುಂದಿನ ಪದ ಹೇಳುವ ಆಟಕ್ಕೆ ಕೂತಿತು. ಅಜ್ಜಿ ‘ಮರ’ ಎನ್ನುವುದೇ ತಡ, ‘ರವೆ ಉಂಡೆ!’ ಎಂದು ಕೂಗಿತು.

ಓದಿನ ಅರ್ಧ ಕೆಲಸ ಅಜ್ಜಿಯ ಆ ಆಟದಲ್ಲೇ ಆಗಿಹೋಗುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಪಾಠವೆಂದು ಎಣಿಸಿರಲಿಲ್ಲ ಅಷ್ಟೆ.

ಮೂರರಿಂದ ಐದರ ವಯಸ್ಸಿನ ಮಕ್ಕಳಿಗೆ ಮನೆಯಲ್ಲಿ ಓದು ಕಲಿಸಲು ಹೊರಟ ತಂದೆತಾಯಿಗಳಲ್ಲಿ ಹೆಚ್ಚಿನವರು ಕಾಪಿ ಪುಸ್ತಕದಿಂದ ಶುರು ಮಾಡುತ್ತಾರೆ. ಅದರಲ್ಲೂ ಇಂಗ್ಲಿಷ್‌ನ ಕಾಪಿಯಿಂದ. ಕನ್ನಡದ ಮಗುವಿನ ಕೈಯಲ್ಲಿ ಈಗಾಗಲೇ ಇರುವ ದೊಡ್ಡ ಅನುಕೂಲವೊಂದನ್ನು ಇದು ಕಸಿದುಕೊಳ್ಳುತ್ತದೆ ಎಂಬುದು ನನ್ನ ಆತಂಕ. ಆ ಅನುಕೂಲ ನಮ್ಮ ಲಿಪಿಯ ಸ್ವಭಾವದಲ್ಲೇ ಇದೆ. ‘ಕಮಲ’ ಎನ್ನುತ್ತಾ ಚಪ್ಪಾಳೆ ತಟ್ಟಿ ನೋಡಿ. ಮೂರು ತಟ್ಟು, ಮೂರು ಅಕ್ಷರ. ‘ಬಾಳೆಹಣ್ಣು’ ಎಂದರೆ ನಾಲ್ಕು ತಟ್ಟು, ನಾಲ್ಕು ಅಕ್ಷರ. ಬಾಯಿ ಎಲ್ಲಿ ಒಡೆದು ಹೇಳುತ್ತದೋ ಲಿಪಿಯೂ ಹೆಚ್ಚುಕಡಿಮೆ ಅಲ್ಲೇ ಒಡೆಯುತ್ತದೆ. ಇಂಗ್ಲಿಷ್‌ನ ‘ಕ್ಯಾಟ್’ಗೆ ಒಂದೇ ತಟ್ಟು, ಅಕ್ಷರ ಮಾತ್ರ ಮೂರು. ಮೊದಲ ಅಕ್ಷರದ ಹೆಸರು ‘ಸಿ’, ಪದದಲ್ಲಿ ಅದು ಕೊಡುವ ಸದ್ದು ‘ಕ್’. ಹೆಸರಿಗೂ ಸದ್ದಿಗೂ ನಡುವಿನ ಈ ಕಂದಕ ದಾಟಿಸಲು ಅಲ್ಲಿನ ಶಿಕ್ಷಕರು ತಿಂಗಳುಗಟ್ಟಲೆ ಶ್ರಮಪಡುತ್ತಾರೆ. ಕನ್ನಡದಲ್ಲಿ ‘ಕ’ದ ಹೆಸರೂ ಕ, ಸದ್ದೂ ಕ. ಹಿಂದಿಯಲ್ಲಿ ‘ಕಮಲ’ ಎಂದು ಬರೆದು ‘ಕಮಲ್’ ಎಂದು ಓದಬೇಕು; ನಮ್ಮಲ್ಲಿ ಕೊನೆಯ ಅಕಾರವೂ ಕರಗದೆ ಉಳಿಯುತ್ತದೆ. ನಾಲ್ಕರ ಮಗುವಿಗೆ ಇದಕ್ಕಿಂತ ಹತ್ತಿರದ ಲಿಪಿ ಬೇಕೆ?

ಹತ್ತಿರ ನಿಜ, ಆದರೆ ದಾರಿ ಉದ್ದ. ಇದನ್ನು ಮುಚ್ಚಿಟ್ಟು ಮಾತಾಡಬಾರದು. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೇ 442 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು, ಅರ್ಕಾವೊತ್ತು. ‘ಕು’ವಿನ ಕೊಂಬು ಬರೆದಂತೆ ‘ಪು’ವಿನದು ಬರೆಯುವುದಿಲ್ಲ. ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’ ಮಗುವಿನ ಕಣ್ಣಿಗೆ ಅವಳಿಗಳು. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಹೇಳಿದ್ದೂ ಇದನ್ನೇ: ಅಕ್ಷರಗಳ ಕಲಿಕೆ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ, 3-4ನೇ ತರಗತಿಯವರೆಗೂ ಸಾಗುತ್ತದೆ. ಇಂಗ್ಲಿಷ್‌ನ 26 ಅಕ್ಷರ ಯುಕೆಜಿ ಹೊತ್ತಿಗೆ ಬಾಯಿಗೆ ಬಂದಿರುತ್ತವೆ, ಕನ್ನಡದ ಕಾಗುಣಿತ ಇನ್ನೂ ತಡವರಿಸುತ್ತಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಅಪ್ಪ ಅಮ್ಮ ‘ನಮ್ಮ ಮಗುವಿಗೆ ಕನ್ನಡ ಕಷ್ಟ’ ಎಂದು ತೀರ್ಮಾನಿಸಿಬಿಡುತ್ತಾರೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಮನೆಯೊಳಗೆ ನಡೆಯಲಾರದು. 26 ಅಕ್ಷರ ಬಂದ ಮಗು ಇಂಗ್ಲಿಷ್ ಓದಲು ವರ್ಷಗಳೇ ಬೇಕು; ನೂರು ಅಕ್ಷರ ಬಂದ ಮಗು ಆ ನೂರರಿಂದಾಗುವ ಕನ್ನಡದ ಪದವನ್ನೆಲ್ಲ ಅಂದೇ ಓದುತ್ತದೆ.

ಹಾಗಾದರೆ ಮೊದಲ ಅಕ್ಷರ ಯಾವುದಾಗಬೇಕು? ವರ್ಣಮಾಲೆಯ ಕ್ರಮ ನಮ್ಮ ವ್ಯಾಕರಣ ಪರಂಪರೆಯ ಹೆಮ್ಮೆ. ಗಂಟಲಿನಿಂದ ತುಟಿಯವರೆಗೆ, ಧ್ವನಿ ಹುಟ್ಟುವ ಜಾಗಕ್ಕೆ ತಕ್ಕಂತೆ ಜೋಡಿಸಿದ ಮಾಲೆ ಅದು. ಅದನ್ನು ಹಾಡಿನಂತೆ ಬಾಯಿಪಾಠ ಮಾಡಿಸಿ, ತಪ್ಪಿಲ್ಲ. ಓದಿಸುವ ಕ್ರಮವನ್ನಾಗಿ ಮಾಡಿಕೊಂಡರೆ ಮಾತ್ರ ಮಗು ಏಳನೆಯ ಅಕ್ಷರಕ್ಕೇ ‘ಋ’ಕಾರಕ್ಕೆ ಮುಗ್ಗರಿಸುತ್ತದೆ. ಮುಂದೆ ಙ, ಞ ಕಾದಿರುತ್ತವೆ. ಅವುಗಳಿಂದ ಆರಂಭವಾಗುವ ಒಂದು ಪದವೂ ಅದಕ್ಕೆ ಗೊತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಈ ಗಂಟನ್ನು ಬಿಡಿಸಿತ್ತು. ಅದರಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಿಂದಲೇ ಸರ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ವಾರ ಕಳೆಯುವುದರೊಳಗೆ ‘ನಾನು ಓದಿದೆ’ ಎನ್ನುವ ಹಿಗ್ಗು ಮಗುವಿಗೆ ಸಿಕ್ಕಿರುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು ಇಷ್ಟು ವರ್ಷ ಮಾಡುತ್ತಾ ಬಂದದ್ದನ್ನು ಖಾಸಗಿ ನರ್ಸರಿಗಳ ಕಾಪಿ ಪುಸ್ತಕ ಇನ್ನೂ ಏಕೆ ಕಲಿಯಲಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಪಕ್ಕದ ಮನೆಯಲ್ಲಿ ಈ ಐದಕ್ಷರದ ಸಂಗತಿ ಹೇಳಿಬಂದಿದ್ದೆ. ಕೆಲವು ದಿನ ಬಿಟ್ಟು ಅಜ್ಜಿ ಅಗಲವಾದ ತಟ್ಟೆಯಲ್ಲಿ ಅಕ್ಕಿಹಿಟ್ಟು ಹರಡಿ ‘ಸ’ ಬರೆದರಂತೆ, ಪಕ್ಕದಲ್ಲಿ ‘ರ’. ಮಗು ಎರಡನ್ನೂ ಹೇಳಿತು, ಕೂಡಿಸಿ ಹೇಳಿತು, ಆಮೇಲೆ ಅಜ್ಜಿಯ ಕತ್ತಿನ ಸರ ಹಿಡಿದು ಎಳೆಯಿತು.

ಈ ಐದೇ ಆಗಬೇಕೆಂದೇನೂ ಇಲ್ಲ. ಮನೆಯಲ್ಲಿ ಮಗುವಿನ ಹೆಸರಿನಿಂದ ಶುರು ಮಾಡಿದರೂ ಆದೀತು. ‘ಅಮ್ಮ’ದಲ್ಲಿ ಒತ್ತಿದೆಯೆಂದು ಹಿಂಜರಿಯಬೇಡಿ. ಆ ಪದವನ್ನು ಮಗು ಒಂದು ಚಿತ್ರದಂತೆ ಇಡಿಯಾಗಿ ಗುರುತು ಹಿಡಿಯುತ್ತದೆ, ಹಾಲಿನ ಪ್ಯಾಕೆಟ್ಟಿನ ಮೇಲಿನ ‘ನಂದಿನಿ’ಯನ್ನು ಹಿಡಿದ ಹಾಗೆ.

ಓದನ್ನೂ ಬರವಣಿಗೆಯನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಇನ್ನೊಂದು ತಪ್ಪು. ಕಣ್ಣು, ಕಿವಿ ಸಿದ್ಧವಾದಾಗಲೂ ಬೆರಳಿನ ಸಣ್ಣ ಸ್ನಾಯುಗಳು ಸಿದ್ಧವಾಗಿರುವುದಿಲ್ಲ. ವಿಜಯದಶಮಿಯಂದು ಶೃಂಗೇರಿ, ಕೊಲ್ಲೂರುಗಳಲ್ಲಿ ಅಕ್ಷರಾಭ್ಯಾಸಕ್ಕೆ ಕೂತ ಮಕ್ಕಳನ್ನು ನೋಡಿ. ದೊಡ್ಡವರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ. ಇಡೀ ತೋಳು ಆಡುತ್ತದೆ, ತಪ್ಪಿದರೆ ಒಮ್ಮೆ ಸವರಿದರಾಯಿತು. ಆ ದಿನ ಮಾಡಿದ್ದನ್ನೇ ವರ್ಷವಿಡೀ ಮಾಡಿದರೆ ಸಾಕು. ಅಕ್ಕಿ, ಮರಳು, ರಂಗೋಲಿ ಪುಡಿ, ಚಪಾತಿ ಹಿಟ್ಟಿನ ಎಳೆ, ಯಾವುದಾದರೂ ಸರಿ. ಪೆನ್ಸಿಲ್ಲಿಗೆ ಅವಸರವಿಲ್ಲ.

ಇದಕ್ಕೆಲ್ಲ ಮಿಗಿಲಾದದ್ದು ಗಟ್ಟಿಯಾಗಿ ಓದಿ ಹೇಳುವುದು. ನಾವು ಆಡುವ ಕನ್ನಡ ಒಂದು, ಅಚ್ಚಾಗುವ ಕನ್ನಡ ಇನ್ನೊಂದು. ಮೈಸೂರಿನ ಮಗು ‘ಹೋಗ್ತೀನಿ’ ಅನ್ನುತ್ತದೆ, ಧಾರವಾಡದ್ದು ‘ಹೊಂಟೀನಿ’ ಅನ್ನುತ್ತದೆ; ಪುಸ್ತಕದಲ್ಲಿ ಇರುವುದು ‘ಹೋಗುತ್ತೇನೆ’. ಕಿವಿಗೆ ಬೀಳದ ರೂಪವನ್ನು ಕಣ್ಣು ಒಮ್ಮೆಲೇ ಓದಬೇಕೆಂದರೆ ಅಕ್ಷರ ಬಂದ ಮಗುವೂ ತೊದಲುತ್ತದೆ. ದಿನಕ್ಕೆ ಹತ್ತು ನಿಮಿಷ ತೊಡೆಯ ಮೇಲೆ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದರೆ ಗ್ರಂಥದ ಕನ್ನಡ ಅದಕ್ಕೆ ಪರಿಚಿತ ದನಿಯಾಗುತ್ತದೆ. ಸಾಲು ಎಡದಿಂದ ಬಲಕ್ಕೆ ಓಡುತ್ತದೆ, ಕತೆ ಇರುವುದು ಆ ಕಪ್ಪು ಗುರುತುಗಳಲ್ಲಿ ಎಂಬುದೂ ಹೇಳದೆಯೇ ತಿಳಿಯುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಇಲಿಗಳ ದಂಡನ್ನು ಇನ್ನೊಮ್ಮೆ, ಮತ್ತೊಮ್ಮೆ ಎಂದು ಕೇಳುವ ಮಗುವಿಗೆ ಬೇಸರಿಸದೆ ಓದಿ. ಕೇಳಿದ್ದನ್ನೇ ಕೇಳುವುದು ಆ ವಯಸ್ಸಿನ ಅಭ್ಯಾಸಕ್ರಮ. ತರೀಕೆರೆಯ ಏರಿಯ ಮೇಲಿನ ಕರಿ ಕುರಿಮರಿಗಳಿಗೆ ನಾಲಿಗೆ ತೊಡರಿ ಮನೆಮಂದಿಯೆಲ್ಲ ನಕ್ಕ ಸಂಜೆಯೂ ಓದಿನ ಪಾಠವೇ. ತುಳು, ಕೊಂಕಣಿ, ಕೊಡವ, ಉರ್ದು ಮನೆಮಾತಿನವರು ಕತೆ, ಒಗಟು, ಪ್ರಾಸಗಳನ್ನು ತಮ್ಮ ಮಾತಿನಲ್ಲೇ ಹೇಳಲಿ. ಪದವನ್ನು ಒಡೆದು ಆಲಿಸುವ ಕಿವಿ ಒಂದು ಭಾಷೆಯಲ್ಲಿ ಹದಗೊಂಡರೆ ಇನ್ನೊಂದಕ್ಕೂ ಒದಗುತ್ತದೆ. ಮಗು ‘ಭ’ವನ್ನು ‘ಬ’ ಎಂದರೆ ತಿದ್ದುವ ಆತುರವೂ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳ ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲ.

‘ಇಷ್ಟು ನಿಧಾನ ಮಾಡಿದರೆ ಹಿಂದೆ ಬೀಳುವುದಿಲ್ಲವೇ?’ ಎಂಬ ಭಯ ಎಲ್ಲ ಅಪ್ಪ ಅಮ್ಮಂದಿರಿಗೂ ಇದೆ, ನನಗೂ ಇತ್ತು. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ನಮ್ಮ ರಾಜ್ಯ 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಗಿ ಬಂದದ್ದರ ಹಿಂದೆಯೂ ಈ ಅವಸರದ ನೆರಳಿದೆ. ನ್ಯೂಜಿಲೆಂಡ್‌ನಲ್ಲಿ ಸೆಬಾಸ್ಟಿಯನ್ ಸಗೇಟ್ ಮತ್ತು ಸಂಗಡಿಗರು 5ರಲ್ಲಿ ಓದು ಕಲಿತ ಮಕ್ಕಳನ್ನೂ 7ರಲ್ಲಿ ಕಲಿತವರನ್ನೂ ಹೋಲಿಸಿ ನೋಡಿದ್ದಾರೆ. 11 ವರ್ಷದ ಹೊತ್ತಿಗೆ ಇಬ್ಬರ ಓದಿನ ನಡುವೆ ಅಂತರವಿರಲಿಲ್ಲ. ಕರೆದರೆ ತಿರುಗದ, ಮಾತು ತೀರಾ ತಡವಾದ ಮಗುವಿನ ವಿಷಯ ಬೇರೆ. ಅಲ್ಲಿ ಕಾಯಬಾರದು, ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು.

ನಾನು ಹೇಳಿದ್ದೆಲ್ಲ ಬಿಡುವಿರುವ ಮನೆಗಳ ಮಾತಾಯಿತು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಗಾರ್ಮೆಂಟ್ಸ್‌ನಿಂದ ರಾತ್ರಿಗೆ ಮನೆ ಸೇರುವ ತಾಯಿಗೆ ತಟ್ಟೆಯಲ್ಲಿ ಹಿಟ್ಟು ಹರಡಲು ಹೊತ್ತೆಲ್ಲಿ? ಗ್ರಾಮೀಣ ಭಾರತದ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲವರು 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಶೇ 27.1 ಮಾತ್ರ. ಇದರ ಬೇರು ಒಂದನೇ ತರಗತಿಗಿಂತ ಹಿಂದೆ, ಕತೆ ಪುಸ್ತಕವನ್ನೇ ಮುಟ್ಟಿ ನೋಡದ ಬಾಲ್ಯದಲ್ಲೂ ಇದೆ. ಆ ಕೊರತೆಯನ್ನು ಮನೆಯೊಂದೇ ತುಂಬಲಾರದು. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದೊಂದಕ್ಕೂ ಐವತ್ತು ತೆಳು ಚಿತ್ರಪುಸ್ತಕ ಕೊಟ್ಟು, ವಾರಕ್ಕೊಂದನ್ನು ಮಗು ಮನೆಗೆ ಒಯ್ಯಲು ಬಿಡಬೇಕು. ಹರಿದರೆ ಹರಿಯಲಿ, ಕಾರ್ಯಕರ್ತೆಯಿಂದ ಅದರ ಲೆಕ್ಕ ಕೇಳಬಾರದು. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿಯೇ ಸಿಗುತ್ತವೆ, ಮುದ್ರಿಸಿ ಹಂಚಲು ಪರವಾನಗಿಯೂ ಮುಕ್ತವಾಗಿದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಶಾಲೆಯ ಮಕ್ಕಳಿಗೆ ತೆರೆಯಿತು. ಶಾಲೆಗೆ ಇನ್ನೂ ಹೋಗದ ಮಕ್ಕಳಿಗೂ ಅಲ್ಲಿ ಕೆಳಗಿನ ಒಂದು ಕಪಾಟು ಬೇಕು, ಕೈಗೆಟುಕುವಷ್ಟು ತಗ್ಗಿನಲ್ಲಿ. ಕೂಲಿ ಮುಗಿಸಿ ಬರುವ ಅಮ್ಮ ಮಗುವಿನ ಕೈಹಿಡಿದು ಹೋಗುವ ಹೊತ್ತಿಗೆ, ಸಂಜೆ ಆರರ ಮೇಲೆ, ಆ ಬಾಗಿಲು ತೆರೆದಿರಬೇಕು.