ನಿಷೇಧದ ಮಾತು ಸಾಕು, ಗೇಮುಗಳಿಗೆ ವಿಮರ್ಶೆ ಬೇಕು

ಶುಕ್ರವಾರ ತೆರೆಕಂಡ ಸಿನಿಮಾಕ್ಕೆ ಕನ್ನಡದಲ್ಲಿ ಶನಿವಾರದೊಳಗೆ ವಿಮರ್ಶೆ ಸಿದ್ಧ. ನಟಿಸಿದ್ದು ಹೇಗೆ, ಕತೆ ಎಲ್ಲಿ ಜಾಳಾಯಿತು, ಟಿಕೆಟ್ ದುಡ್ಡಿಗೆ ಮೋಸವಿಲ್ಲವೇ ಎಂದು ಓದುಗನಿಗೆ ಯಾರೋ ಒಬ್ಬರು ಹೇಳುತ್ತಾರೆ. ಬಳ್ಳಾರಿಯ ಕೌಲ್‌ಬಜಾರಿನಲ್ಲಿ, ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಆಸುಪಾಸಿನ ಕಟ್ಟೆಗಳ ಮೇಲೆ ಹುಡುಗರು ದಿನಕ್ಕೆ ಗಂಟೆಗಟ್ಟಲೆ ಆಡುವ ಗೇಮುಗಳಿಗೆ ಆ ಭಾಗ್ಯವಿಲ್ಲ. ನಮ್ಮಲ್ಲಿ ಗೇಮು ಸುದ್ದಿಯಾಗುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಗೀಳಿಗೆ ಬಿದ್ದ ಹುಡುಗನ ಮನೆಯಲ್ಲಿ ಅನಾಹುತವಾದಾಗ, ಇಲ್ಲವೇ ಯಾವುದೋ ಕಂಪನಿಗೆ ಕೋಟಿಗಟ್ಟಲೆ ಬಂಡವಾಳ ಬಂದಾಗ. ಆ ಗೇಮು ಒಳ್ಳೆಯದೋ ಕೆಟ್ಟದ್ದೋ, ಅದರ ಕಸುಬುಗಾರಿಕೆ ಎಂಥದ್ದು, ಅದು ಆಡುವವನ ಜೇಬಿಗೆ ಎಲ್ಲಿ ಕೈಹಾಕುತ್ತದೆ ಎಂದು ಕನ್ನಡದಲ್ಲಿ ಕೂತು ಬರೆಯುವವರು ಬೆರಳೆಣಿಕೆಯಷ್ಟೂ ಕಾಣುವುದಿಲ್ಲ. ಈ ಮೌನದ ಲಾಭ ಪಡೆಯುತ್ತಿರುವುದು ಕೆಟ್ಟ ಗೇಮುಗಳು.

ಕಳೆದ ಕೆಲವು ವರ್ಷಗಳ ಜಗಳವನ್ನು ನೆನಪಿಸಿಕೊಳ್ಳಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಮಕ್ಕಳು ಉಳಿದರು ಎಂದು ಮನೆಮನೆಗಳಲ್ಲಿ ನಿಟ್ಟುಸಿರು ಬಿಟ್ಟರು. ಆದರೆ ನಿಷೇಧದ ಕಾರಣ ಮಕ್ಕಳಲ್ಲ; ದತ್ತಾಂಶದ ಸುರಕ್ಷತೆ, ದೇಶದ ಭದ್ರತೆ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇ ಕೊನೆಗೆ ಮತ್ತೆ ಬಂತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ಬಲೆಯಲ್ಲಿ ಹಿಡಿಯಲು ಹೋಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದೇ ದಿನ ಕೇಂದ್ರ ಸರ್ಕಾರ ಫ್ರೀ ಫೈರ್ ಸೇರಿದಂತೆ 54 ಆ್ಯಪ್‌ಗಳನ್ನು ನಿಷೇಧಿಸಿತು. ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಅಂಗಡಿಯಲ್ಲೇ ಉಳಿಯಿತು, ಹುಡುಗರೆಲ್ಲ ಅದಕ್ಕೆ ಹಾರಿಕೊಂಡರು. ಇಷ್ಟೆಲ್ಲ ಗದ್ದಲದಲ್ಲಿ ಆಟದ ಒಳಗೆ ಏನಿದೆ ಎಂದು ತೆರೆದು ನೋಡಿದವರು ಯಾರು?

ತೆರೆದು ನೋಡೋಣ. ಫ್ರೀ ಫೈರಿನ ಬಲ ಏನೆಂದರೆ, ಅದು ಬಡವರ ಫೋನಿನಲ್ಲಿ ಓಡುತ್ತದೆ. ಜೀನ್ಸ್ ಘಟಕದಲ್ಲಿ ಹೊಲಿಗೆ ಹಾಕುವ ಹುಡುಗನ ಒಡೆದ ಸ್ಕ್ರೀನಿನ ಹಳೆಯ ಫೋನಿನಲ್ಲೂ ಅದು ತೊದಲುವುದಿಲ್ಲ. ಐವತ್ತು ಜನರ ಪಂದ್ಯ ಸುಮಾರು ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಊಟದ ಬಿಡುವಿನಲ್ಲಿ ಒಂದು ಆಟ ಕೂಡಿಸಬಹುದು. ಇದು ಸಣ್ಣ ಸಾಧನೆಯಲ್ಲ. ಲಕ್ಷಾಂತರ ರೂಪಾಯಿಯ ಕಂಪ್ಯೂಟರಿಗೆಂದೇ ಗೇಮು ಕಟ್ಟುವ ದೊಡ್ಡ ಕಂಪನಿಗಳು ಇದನ್ನು ನೋಡಿ ಕಲಿಯಬೇಕು. ಆದರೆ ಅದರ ಕೊಳೆ ಇರುವುದೂ ಅಲ್ಲೇ. ಫ್ರೀ ಫೈರಿನಲ್ಲಿ ಬಂದೂಕಿಗೆ ತೊಡಿಸುವ ಸ್ಕಿನ್‌ಗಳು ಬರೀ ಬಣ್ಣವಲ್ಲ. ಹಲವು ಸ್ಕಿನ್‌ಗಳು ಗುಂಡಿನ ಪೆಟ್ಟನ್ನು, ವೇಗವನ್ನು ಹೆಚ್ಚಿಸುತ್ತವೆ. ಆಟದ ನಾಣ್ಯವಾದ ಡೈಮಂಡ್ ಕೊಂಡವನ ಬಂದೂಕು ಕೊಳ್ಳದವನ ಬಂದೂಕಿಗಿಂತ ಜೋರು. ಆ ಸ್ಕಿನ್ನನ್ನೂ ಎಷ್ಟೋ ಸಲ ನೇರವಾಗಿ ಕೊಳ್ಳಲಾಗದು, ‘ಲಕ್ ರಾಯಲ್’ ಚಕ್ರ ತಿರುಗಿಸಿ ಅದೃಷ್ಟ ನೋಡಬೇಕು. ಕಬಡ್ಡಿ ಅಂಗಳದಲ್ಲಿ ಒಂದು ತಂಡ ರೆಫರಿಗೆ ದುಡ್ಡು ಕೊಟ್ಟು ಎರಡು ಪಾಯಿಂಟ್ ಹೆಚ್ಚಿಗೆ ಬರೆಸಿಕೊಂಡರೆ ಕುರುಗೋಡಿನ ಜನ ಅಂಗಳಕ್ಕಿಳಿದು ಕೇಳುತ್ತಾರೆ. ಇಲ್ಲಿ ಅದೇ ನಡೆಯುತ್ತಿದೆ, ಕೇಳುವವರಿಲ್ಲ.

ಬಿಜಿಎಂಐ ಆಟವಾಗಿ ಇದಕ್ಕಿಂತ ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ಸದ್ದೇ ಅರ್ಧ ಆಟ. ಹೆಜ್ಜೆ ಎಡಗಡೆಯಿಂದ ಬಂತೋ ಮಹಡಿಯಿಂದ ಬಂತೋ ಎಂದು ಕಿವಿಗೊಟ್ಟು ಕೂರಬೇಕು, ಬಂದೂಕು ಮೇಲಕ್ಕೆ ಜಗ್ಗುವುದನ್ನು ಬೆರಳಿನಲ್ಲಿ ಹಿಡಿಯಬೇಕು, ನೂರು ಜನರ ನಡುವೆ ಅರ್ಧ ತಾಸು ತಾಳ್ಮೆಯಿಂದ ಉಳಿಯಬೇಕು. ನಾಲ್ವರು ಗೆಳೆಯರು ಒಬ್ಬರನ್ನೊಬ್ಬರು ಕಾಯುವುದನ್ನು ಅದು ಕಲಿಸುತ್ತದೆ. ಸ್ಕಿನ್‌ಗಳಿಂದ ಅಲ್ಲಿ ಬಹುಮಟ್ಟಿಗೆ ಅಂದ ಮಾತ್ರ ಹೆಚ್ಚುತ್ತದೆ. ಆದರೆ ಮಕ್ಕಳ ಕಾಳಜಿ ಎಂದು ಆ ಆಟದ ಕಂಪನಿ ಮಾಡಿದ್ದೇನು ನೋಡಿ. ಗುಂಡು ತಗುಲಿದಾಗ ಚಿಮ್ಮುವ ರಕ್ತವನ್ನು ಹಸಿರು ಮಾಡಿದರು. ‘ಕಿಲ್’ ಎಂಬುದನ್ನು ‘ಫಿನಿಶ್’ ಎಂದು ತಿದ್ದಿದರು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ತಾಸಿನ ಮಿತಿ ಇಟ್ಟರು, ಖರ್ಚಿಗೂ ಒಂದು ಮಿತಿ ಇಟ್ಟರು: ದಿನಕ್ಕೆ 7,000 ರೂಪಾಯಿ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಸಿರುಗುಪ್ಪದ ಕೂಲಿ ಹೆಣ್ಣುಮಗಳು ಹೆಚ್ಚುಕಡಿಮೆ ಹತ್ತೊಂಬತ್ತು ದಿನ ಬಿಸಿಲಲ್ಲಿ ದುಡಿದು ತರುವಷ್ಟನ್ನು ಅವಳ ಮಗ ಒಂದೇ ದಿನದಲ್ಲಿ ಆಟದೊಳಗಿನ ಅದೃಷ್ಟದ ಪೆಟ್ಟಿಗೆ ಒಡೆಯಲು ಸುರಿದರೂ ಆ ಮಿತಿಯೊಳಗೇ ಇರುತ್ತಾನೆ. ಇದನ್ನು ಮಕ್ಕಳ ರಕ್ಷಣೆ ಎಂದು ಕರೆಯುವವರ ಜೊತೆ ನನಗೆ ರಾಜಿಯಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಗೀಕರಿಸಿತು. ಹಣ ಒಡ್ಡಿ ಹಣ ಗೆಲ್ಲುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಇಂಥ ಆಟದ ಕಂಪನಿಯ ಹೆಸರೇ ಕೆಳಗಿಳಿಯಿತು. ನಾನು ಈ ಕಾಯ್ದೆಯ ಪರ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಎಂದು ಸಾಲದ ಸುಳಿಗೆ ಸಿಕ್ಕ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಅದನ್ನು ಬುದ್ಧಿವಂತಿಕೆಯ ಆಟ ಎಂದು ಸಮರ್ಥಿಸುವವರು ಆ ಮನೆಗಳ ಬಾಗಿಲಲ್ಲಿ ನಿಂತು ಆ ಮಾತು ಹೇಳಲಿ. ಆದರೆ ಈ ಕಾಯ್ದೆ ಬಂದ ಮೇಲೆ ಕೆಲಸ ಮುಗಿಯಿತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಚಕ್ರ ತಿರುಗಿಸಿ ಬಂದೂಕಿನ ಸ್ಕಿನ್ ಗೆಲ್ಲುವ ಮಗುವಿಗೆ ವಾಪಸು ದುಡ್ಡು ಬರುವುದಿಲ್ಲ, ಹಾಗಾಗಿ ಅದು ಕಾಯ್ದೆ ಹೇಳುವ ಹಣದಾಟದ ಹಿಡಿತಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಬೆಲ್ಜಿಯಂ 2018ರಲ್ಲೇ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಜೂಜಿನ ಸಾಲಿಗೆ ಸೇರಿಸಿ ತೆಗೆಸಿತು. ನಮ್ಮಲ್ಲಿ ಸಿನಿಮಾಕ್ಕೆ ಇರುವಂಥ ವಯಸ್ಸಿನ ಪ್ರಮಾಣಪತ್ರವೂ ಗೇಮಿಗೆ ಇಲ್ಲ. ಆ್ಯಪ್ ಅಂಗಡಿಯ ಪ್ರಶ್ನಾವಳಿಗೆ ಕಂಪನಿಯೇ ಉತ್ತರ ತುಂಬುತ್ತದೆ, ಅದರ ಮೇಲೆ ವಯಸ್ಸಿನ ಚೀಟಿ ಅಂಟುತ್ತದೆ.

ಇನ್ನು ದೊಡ್ಡ ಗೇಮುಗಳ ಮಾತು. ಕರ್ನಾಟಕವೇ ವೇದಿಕೆಯಾದ ಒಂದು ಜಗತ್ಪ್ರಸಿದ್ಧ ಗೇಮು ಇದೆ ಎಂದರೆ ಬಳ್ಳಾರಿಯಲ್ಲಿ ಎಷ್ಟೋ ಜನ ನಂಬುವುದಿಲ್ಲ. ಅಮೆರಿಕದ ನಾಟಿ ಡಾಗ್ ಕಂಪನಿ 2017ರಲ್ಲಿ ತಂದ, 2022ರಲ್ಲಿ ಕಂಪ್ಯೂಟರಿಗೂ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ನಾಡಿನಲ್ಲಿ. ಕ್ಲೋಯಿ ಫ್ರೇಜರ್ ಎಂಬ ಅರ್ಧ ಭಾರತೀಯ ಹೆಣ್ಣು ಗಣೇಶನ ದಂತ ಹುಡುಕುತ್ತ ಹಳೇಬೀಡು, ಬೇಲೂರುಗಳಿಗೆ ಬರುತ್ತಾಳೆ. ಇಬ್ಬರು ಹೆಂಗಸರೇ ಮುಂದೆ ನಿಂತು ನಡೆಸುವ ಸಾಹಸ, ಮಳೆ ನಿಂತ ಕಾಡಿನ ಬೆಳಕು, ಕಲ್ಲಿನಡಿ ಸಿಕ್ಕಿಬಿದ್ದ ಆನೆಯನ್ನು ಬಿಡಿಸಿ ಅದರ ಮೇಲೆ ಕೂತು ಕ್ಲೋಯಿ ತನ್ನ ತಂದೆಯನ್ನು ನೆನೆಯುವ ಗಳಿಗೆ, ಇವೆಲ್ಲ ಪಳಗಿದ ಕೈಯ ಕೆಲಸ. ಆದರೆ ಬೇಲೂರು ಹಳೇಬೀಡುಗಳನ್ನು ಅದು ಜಲಪಾತಗಳ ನಡುವೆ ಕಾಡು ನುಂಗಿದ, ಯಾರೂ ಕಾಣದ ನಗರಗಳನ್ನಾಗಿ ಮಾಡಿಬಿಟ್ಟಿದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವನಿಗೆ ಬೇಲೂರಿನಲ್ಲಿ ಇವತ್ತೂ ಪೂಜೆ ನಡೆಯುತ್ತದೆ, ಗುಡಿಯ ಎದುರಿನ ಬೀದಿಯಲ್ಲಿ ಹೂವು ಕಾಯಿ ಮಾರುತ್ತಾರೆ. ಹೊಯ್ಸಳ ಶಿಲ್ಪಿಯ ಹೆಗ್ಗಳಿಕೆ ಇರುವುದು ಬಳಪದ ಕಲ್ಲಿನಲ್ಲಿ ಬಳೆಯ ಅಂಚನ್ನೂ ಕಡೆದ ನಾಜೂಕಿನಲ್ಲಿ. ಗೇಮಿನಲ್ಲಿ ಅದರ ಜಾಗಕ್ಕೆ ಬೆಟ್ಟದೆತ್ತರದ ವಿಗ್ರಹಗಳು ಬಂದು ಕೂತಿವೆ. ಬದುಕಿರುವ ಊರನ್ನು ಪಾಳುಬಿದ್ದ ನಿಧಿಯ ಗುಹೆ ಮಾಡಿದ್ದು ಕಲ್ಪನೆಯ ಸ್ವಾತಂತ್ರ್ಯ ಎನ್ನಬಹುದು. ನನಗೆ ಅದು ಸೋಮಾರಿತನ ಎನ್ನಿಸುತ್ತದೆ.

ಇದಕ್ಕೆ ಎದುರಾಗಿ ಚೀನಾದ ಗೇಮ್ ಸೈನ್ಸ್ ತಂಡ 2024ರ ಆಗಸ್ಟ್‌ನಲ್ಲಿ ತಂದ ‘ಬ್ಲ್ಯಾಕ್ ಮಿಥ್: ವುಕಾಂಗ್’ ನೋಡಿ. ಶಾಂಕ್ಸಿ ಪ್ರಾಂತ್ಯದ ಹಳೆಯ ದೇವಾಲಯಗಳಿಗೆ ಹೋಗಿ, ಅಳೆದು, ಯಂತ್ರದಲ್ಲಿ ಹಿಡಿದು ತಂದು ಆಟದೊಳಗೆ ಇಟ್ಟರು. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದವು, ಜನ ಆ ಗುಡಿಗಳನ್ನು ಹುಡುಕಿಕೊಂಡು ಶಾಂಕ್ಸಿಗೆ ಹೊರಟರು. ಅದಕ್ಕೂ ದೋಷವಿದೆ. ಕಣ್ಣಿಗೆ ದಾರಿ ಕಂಡ ಕಡೆ ಕಾಲಿಟ್ಟರೆ ಕಾಣದ ಗೋಡೆ ತಡೆಯುತ್ತದೆ. ಒಬ್ಬ ರಾಕ್ಷಸನ ಹಿಂದೆ ಇನ್ನೊಬ್ಬ ಎಂದು ಕಾಳಗ ಉಸಿರುಗಟ್ಟಿಸುತ್ತದೆ. ಆದರೂ ತನ್ನ ನೆಲದ ಕಲ್ಲನ್ನು ಕಲ್ಲಾಗಿಯೇ ಗೌರವಿಸಿದ ಗೇಮು ಅದು.

ನಮ್ಮವರು ಮಾಡಿದ್ದೂ ಇದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಬಂದು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚೊಚ್ಚಲ ಗೇಮಿನ ಪಟ್ಟಿಗೆ ನಾಮನಿರ್ದೇಶನಗೊಂಡಿತು. ತಮ್ಮನನ್ನು ಹುಡುಕಿ ಹೊರಟ ಸರ್ಕಸ್ ಹುಡುಗಿಯ ಕತೆ. ಕಾಳಗ ಸಾಧಾರಣ, ಕ್ಯಾಮೆರಾ ಎಷ್ಟೋ ಕಡೆ ಅಡ್ಡ ಬರುತ್ತದೆ, ಕತೆ ನಡುದಾರಿಯಲ್ಲಿ ಕೈಬಿಟ್ಟ ಹಾಗೆ ಮುಗಿಯುತ್ತದೆ. ಆದರೆ ಕತೆ ಹೇಳುವ ದೃಶ್ಯಗಳನ್ನು ನೆರಳಿನ ಗೊಂಬೆಯಾಟದ ಹಾಗೆ ಕಟ್ಟಿದ್ದಾರೆ. ಅವುಗಳನ್ನು ನೋಡುವಾಗ ಬಳ್ಳಾರಿಯವನಾದ ನನಗೆ ಬೆಳಗಲ್ಲು ವೀರಣ್ಣನವರನ್ನು ನೆನೆಯದೆ ಇರಲಾಗಲಿಲ್ಲ. ತೊಗಲುಗೊಂಬೆಯಲ್ಲಿ ರಾಮಾಯಣದ ಜೊತೆ ಸ್ವಾತಂತ್ರ್ಯ ಹೋರಾಟವನ್ನೂ ಕುಣಿಸಿದ ಆ ಹಿರಿಯರು 2023ರಲ್ಲಿ ತೀರಿಕೊಂಡರು. ಅವರ ಪರದೆಯನ್ನು ಗೇಮಿನ ಪರದೆಗೆ ತರಬೇಕೆಂದು ಈ ಊರಿನಲ್ಲಿ ಯಾರಾದರೂ ಪ್ರಯತ್ನಿಸಿದ್ದರೆ ಎಷ್ಟು ಚೆನ್ನಾಗಿತ್ತು. ಕೆನಡಾದಲ್ಲಿ ನೆಲೆಸಿದ ತಮಿಳು ಮನೆಯೊಂದರ ಇಡ್ಲಿ, ಬಿರಿಯಾನಿಯನ್ನೇ ಆಟ ಮಾಡಿದ ‘ವೆಂಬಾ’ 2024ರಲ್ಲಿ ಬಾಫ್ಟಾ ಪ್ರಶಸ್ತಿ ಗೆದ್ದಿತು. ಒಂದೂವರೆ ತಾಸಿನಲ್ಲಿ ಮುಗಿದು ಹೋಗುವ ಪುಟ್ಟ ಆಟ, ಇನ್ನಷ್ಟು ಬೇಕು ಎನ್ನಿಸುತ್ತದೆ. ಆದರೂ ತಾಯಿಯೊಬ್ಬಳ ಹರಿದ ಅಡುಗೆ ಪುಸ್ತಕವನ್ನು ಅದು ಮರೆಯಲು ಬಿಡುವುದಿಲ್ಲ.

ಕನ್ನಡಿಗರಿಗೆ ಕೈಚಳಕ ಇಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮು ಕಂಪನಿ 1997ರಲ್ಲೇ ಹುಟ್ಟಿತು, 2019ರಲ್ಲಿ ಜಿಟಿಎ ಗೇಮು ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗಿಗೆ ನೀತಿ ಮಾಡಿದ ಮೊದಲ ರಾಜ್ಯವೂ ನಮ್ಮದೇ, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಅಷ್ಟಿದ್ದೂ ಬೆಂಗಳೂರಿನ ಕಲಾವಿದ ಅಮೆರಿಕದ ಬೀದಿಗಳಿಗೆ ಬಣ್ಣ ಬಳಿಯುತ್ತಾನೆ, ಬಳ್ಳಾರಿಯ ಬೀದಿಗೆ ಬಳಿಯುವ ಅವಕಾಶ ಅವನಿಗಿಲ್ಲ.

ಬಳ್ಳಾರಿ ಕೋಟೆಯ ಕೆಳಗೆ ಕೂತು ಆಡುವ ಹುಡುಗರ ಮಾತು ಕೇಳಿ: “ಮ್ಯಾಲ್ ಹತ್ತಲೇ, ಹೈಟ್ ತಗೋ!” ಫ್ರೀ ಫೈರಿನ ಬರ್ಮುಡಾ ನಕ್ಷೆಯಲ್ಲಿ ಎತ್ತರ ಹಿಡಿದವನೇ ಗೆಲ್ಲುತ್ತಾನೆಂಬುದು ಅವರಿಗೆ ಕರಗತ. ಹೈದರಾಲಿಗೆ ಕೆಳಕೋಟೆ ಕಟ್ಟಿಕೊಟ್ಟ ಫ್ರೆಂಚ್ ಇಂಜಿನಿಯರ್, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ನೇಣಿಗೇರಿದ ಎಂಬ ಕತೆ ಇದೇ ಊರಿನದು. ಇದಕ್ಕಿಂತ ಒಳ್ಳೆಯ ಯುದ್ಧದ ಗೇಮು ಬೇಕೇ? ಊರಾಚೆ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಗುಡ್ಡವಿದೆ. ಅಲ್ಲೇ ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಕೊರೆದಿದ್ದಾರೆ, ಕೆಲವು ಬಂಡೆಗಳ ಕುಳಿಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಹೊಮ್ಮುತ್ತದೆ. ಸಿರುಗುಪ್ಪದ ತೆಕ್ಕಲಕೋಟೆಯಲ್ಲೂ ಆ ಕಾಲದ ನೆಲೆ ಅಗೆದು ತೆಗೆದಿದ್ದಾರೆ. ಕುರುಗೋಡು ಸಿಂದ ಅರಸರ ರಾಜಧಾನಿಯಾಗಿತ್ತು. ಕುಪ್ಪಗಲ್ಲಿನ ಆ ನಾದದ ಬಂಡೆಗಳ ಬದಿಯಲ್ಲೇ ಕಲ್ಲು ಒಡೆಯುವ ಕ್ವಾರಿಯವರು ಬಂದಿದ್ದಾಗ ತಡೆಯಬೇಕೆಂದು ಕೂಗಿದವರು ಕೆಲವೇ ಸಂಶೋಧಕರು. ಆ ಬಂಡೆಯ ನಾದದಿಂದ ಬಾಗಿಲು ತೆರೆಯುವ ಆಟವನ್ನು ಅದಕ್ಕೂ ಮೊದಲೇ ಮಕ್ಕಳು ಆಡಿದ್ದರೆ ಕೂಗುವವರು ಸಾವಿರ ಜನ ಇರುತ್ತಿದ್ದರು.

ಗೇಮೇ ವ್ಯಸನ, ಅದಕ್ಕೆಂಥ ವಿಮರ್ಶೆ ಎನ್ನುವ ಪಾಲಕರ ಸಂಕಟ ನನಗೆ ಅರ್ಥವಾಗುತ್ತದೆ. ಮಗ ರಾತ್ರಿ ಎರಡಾದರೂ ಹೊದಿಕೆಯೊಳಗೆ ಬೆಳಕು ಹಚ್ಚಿಕೊಂಡಿದ್ದರೆ ಯಾವ ತಾಯಿಗೂ ಸಮಾಧಾನವಿರುವುದಿಲ್ಲ. ಆದರೆ ಫೋನು ಕಿತ್ತುಕೊಂಡರೆ ಮಗ ಪಕ್ಕದ ಮನೆಯ ಫೋನಿನಲ್ಲಿ ಆಡುತ್ತಾನೆ. ಯಾವ ಆಟ ಕೈಗೆ ಕೊಡಬಹುದು, ಯಾವುದು ಬೇಡ, ಯಾವುದರಲ್ಲಿ ಪಾವತಿಯ ದಾರಿ ಮುಚ್ಚಬೇಕು ಎಂದು ಆ ತಾಯಿಗೆ ಅವಳ ಭಾಷೆಯಲ್ಲಿ ಹೇಳುವವರು ಬೇಕು. ಈಗ ಹೇಳುತ್ತಿರುವವರು ಡೈಮಂಡ್ ಹಂಚುತ್ತೇವೆಂದು ಕೂಗುವ ಯೂಟ್ಯೂಬಿನ ಹುಡುಗರು. ಅವರನ್ನು ನಂಬಬೇಡಿ.

ಕನ್ನಡ ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು: ವಾರಕ್ಕೊಂದು ಅಂಕಣ ಗೇಮುಗಳಿಗೆ ಕೊಡಿ, ಆಡಿ ನೋಡಿದವರಿಂದ ಬರೆಸಿ, ಒಳಗಿನ ಖರೀದಿಯ ಬೆಲೆ ಬಿಚ್ಚಿ ಬರೆಸಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಮತ್ತು ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳು ರಾಜ್ಯದ ಹೊಸ ಗೇಮಿಂಗ್ ನೀತಿಯ ದುಡ್ಡು ಬೆಂಗಳೂರಿನಲ್ಲೇ ಖರ್ಚಾಗುವ ಮುನ್ನ ತಮ್ಮ ಪಾಲು ಕೇಳಲಿ. ಅಲ್ಲಿನ ಮಕ್ಕಳ ಮೊದಲ ಗೇಮು ಕುಪ್ಪಗಲ್ಲಿನ ಬಂಡೆಯ ಮೇಲೆಯೇ ನಡೆಯಲಿ, ಅದು ಕೆಟ್ಟದಾಗಿ ಬಂದರೆ ಕೆಟ್ಟದಾಗಿದೆ ಎಂದು ಬರೆಯಲು ನಾನಂತೂ ಸಿದ್ಧನಿದ್ದೇನೆ.