ಅಂಗಿಗೆ ದಂಡ, ಫೋನಿಗೆ ಮಾಫಿ
ಯುದ್ಧ ಉಕ್ರೇನಿನದು, ದಂಡದ ಚೀಟಿ ಬಂದದ್ದು ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿಗೆ. ರಷ್ಯಾದ ಎಣ್ಣೆ ಕೊಂಡದ್ದೇ ತಪ್ಪೆಂದು ಟ್ರಂಪ್ ಸಾಹೇಬರು 2025ರ ಆಗಸ್ಟ್ 27ರಿಂದ ಅಮೆರಿಕಕ್ಕೆ ಹೋಗುವ ನಮ್ಮ ಸರಕಿನ ಮೇಲಿನ ಶೇ 25ರ ಸುಂಕವನ್ನು ಶೇ 50ಕ್ಕೆ ಏರಿಸಿದರು. ಎಣ್ಣೆ ಕೊಂಡವರು ಯಾರೋ. ತಲೆಗೂದಲಿಗೆ ನೂಲಿನ ಎಳೆ ಅಂಟಿಸಿಕೊಂಡೇ ಸಂಜೆ ಬಸ್ಸಿಗೆ ಕಾಯುವ ಹೊಲಿಗೆಯ ಹೆಣ್ಣುಮಗಳಂತೂ ಅಲ್ಲ. ಅತ್ತ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಜೋಡಿಸುವ ಐಫೋನಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅಂಗಿ ಹೊಲಿದವರು ಹಗೆ, ಫೋನ್ ಜೋಡಿಸಿದವರು ನೆಂಟರು! ನನಗಿದು ವಿದೇಶಾಂಗ ನೀತಿಯಾಗಿ ಕಾಣಲಿಲ್ಲ. ಸಂತೆ ಸುಂಕದವನ ಜಬರ್ದಸ್ತಿ ಅಷ್ಟೆ. (ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಅಭ್ಯಾಸ ದೆಹಲಿಗೂ ಇದೆ.) ಸುಂಕದ ಹೊಡೆತಕ್ಕೆ ಕಾರ್ಖಾನೆಯಲ್ಲಿ ಓ.ಟಿ. ನಿಂತರೆ ಆ ಹೊಲಿಗೆಯ ಹೆಣ್ಣುಮಗಳ ಸ್ವಸಹಾಯ ಸಂಘದ ವಾರದ ಕಂತು ಕಟ್ಟಲು ವಾಷಿಂಗ್ಟನ್ನಿನಿಂದ ಯಾರೂ ಬರುವುದಿಲ್ಲ, ದೆಹಲಿಯಿಂದಲೂ.